ಶರೀರ ಒಬ್ಬರದು, ಶಾರೀರ ಇನ್ನೊಬ್ಬರದು: ಫ್ರಾಂಕ್ ಫಾರಿಯನ್ ಕಥೆ

ನಮ್ಮ ಸೋದರಮಾವನ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬದ ತುಂಬ ಕ್ಯಾಸೆಟ್‌ಗಳು. ಅದರಲ್ಲಿ ಬೋನಿ ಎಂ ತಂಡದ್ದೂ ಒಂದು. ಕವರ್ ಮೇಲೆ ನಾಲ್ಕು ಜನ. ಮೂವರು ಹೆಂಗಸರು, ಒಬ್ಬ ಗಂಡಸು. ನನಗೆ ಆಗ ಇಂಗ್ಲಿಷ್ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆದರೆ ಹಾಡಿನ ನಡುವೆ ಬಾವಿಯೊಳಗಿಂದ ಬಂದ ಹಾಗೆ ಒಂದು ಗಂಡು ದನಿ ಬರುತ್ತಿತ್ತಲ್ಲ, ಅದು ಬಂದಾಗಲೆಲ್ಲ ನಾನು ಕವರ್ ಎತ್ತಿಕೊಂಡು ಆ ಗಂಡಸಿನ ಮುಖ ನೋಡುತ್ತಿದ್ದೆ. ಎಂಥಾ ಕಂಠ ಇವನದು ಅನ್ನಿಸುತ್ತಿತ್ತು.

ಆ ಕಂಠ ಆ ಮುಖದ್ದಲ್ಲ ಎಂದು ಗೊತ್ತಾಗುವ ಹೊತ್ತಿಗೆ ನಾನು ಕಾಲೇಜು ಮುಗಿಸಿದ್ದೆ. ಅದು ಫೋಟೊದಲ್ಲೇ ಇಲ್ಲದ ಒಬ್ಬ ಬಿಳಿಯ ಜರ್ಮನ್ನರ ದನಿ. ಹೆಸರು ಫ್ರಾಂಕ್ ಫಾರಿಯನ್. ಸಂಗೀತ ಸಂಯೋಜಕ, ನಿರ್ಮಾಪಕ. 1970ರ ದಶಕದಿಂದ 90ರ ದಶಕದವರೆಗೆ ಯೂರೋಪಿನ ಪಾಪ್ ಸಂಗೀತದಲ್ಲಿ ಅವರ ಕೈ ಆಡದ ಕಡೆ ಕಡಿಮೆ. ನೀವೆಲ್ಲ ಅವರ ಸಂಗೀತ ಕೇಳಿದ್ದೀರಿ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಯಾವುದಾದರೂ ಮಾಲ್‌ಗೆ ಹೋಗಿದ್ದರೆ ಖಂಡಿತ ಕೇಳಿದ್ದೀರಿ. ಅವರ ಹೆಸರು ಮಾತ್ರ ಕೇಳಿರಲಿಕ್ಕಿಲ್ಲ.

ಅವರ ನಿಜವಾದ ಹೆಸರು ಫ್ರಾಂಟ್ಸ್ ರಾಯ್ಟರ್. ಹುಟ್ಟಿದ್ದು 1941ರ ಜುಲೈ 18ರಂದು, ಜರ್ಮನಿಯ ಪಶ್ಚಿಮದಲ್ಲಿರುವ ಕಿರ್ನ್ ಎಂಬ ಸಣ್ಣ ಊರಿನಲ್ಲಿ. ಅದು ಎರಡನೇ ಮಹಾಯುದ್ಧದ ಕಾಲ. ಅಪ್ಪ ಸೈನಿಕ. ಮಗ ಹುಟ್ಟುವ ಮೊದಲೇ ಯುದ್ಧದಲ್ಲಿ ತೀರಿಕೊಂಡರು. ಅಮ್ಮನೇ ಮಕ್ಕಳನ್ನು ಬೆಳೆಸಿದರು. ಹುಡುಗ ಕಲಿತದ್ದು ಅಡುಗೆ ಕೆಲಸ. ಹೋಟೆಲ್ ಅಡುಗೆಯವನಾಗಿ ತರಬೇತಿ ಪಡೆದರು. ಆದರೆ ಮನಸ್ಸೆಲ್ಲ ಹಾಡಿನ ಮೇಲೆ. ಯುದ್ಧ ಮುಗಿದ ಮೇಲೆ ಜರ್ಮನಿಯ ಆ ಭಾಗದಲ್ಲಿ ಅಮೆರಿಕದ ಸೈನಿಕರು ನೆಲೆಸಿದ್ದರು. ಅವರ ಜೊತೆ ಅವರ ಸಂಗೀತವೂ ಬಂದಿತ್ತು. ರಾಕ್ ಅಂಡ್ ರೋಲ್, ಆಮೇಲೆ ಸೋಲ್. ಕಪ್ಪು ಅಮೆರಿಕನ್ನರು ಹಾಡಿದ ಆ ಸಂಗೀತವನ್ನು ಈ ಹುಡುಗ ಜೀವ ಬಿಟ್ಟು ಪ್ರೀತಿಸಿದ. ಹಾಗೇ ಹಾಡಬೇಕು ಎಂದು ಆಸೆಪಟ್ಟ.

ಆದರೆ ರೆಕಾರ್ಡ್ ಕಂಪನಿಗಳಿಗೆ ಬೇಕಾಗಿದ್ದದ್ದು ಬೇರೆ. ಜರ್ಮನಿಯಲ್ಲಿ ಶ್ಲಾಗರ್ ಎಂದು ಒಂದು ಬಗೆಯ ಹಾಡುಗಳಿವೆ. ಸರಳ ರಾಗ, ಮುದ್ದಾದ ಪ್ರೇಮದ ಮಾತು, ಎಲ್ಲರೂ ಚಪ್ಪಾಳೆ ತಟ್ಟುತ್ತಾ ಹಾಡಬಹುದಾದ ಹಾಡು. ಬಿಳಿಯ ಜರ್ಮನ್ ಹುಡುಗನಿಗೆ ಅದೇ ಸರಿ ಎಂದರು. ಫಾರಿಯನ್ ಹಾಡಿದರು. 1976ರಲ್ಲಿ ಒಂದು ಅಮೆರಿಕನ್ ಹಾಡಿನ ಜರ್ಮನ್ ರೂಪ ಹಾಡಿ ಅಲ್ಲಿ ಹೆಚ್ಚು ಮಾರಾಟವಾಗುವ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೂ ಬಂದರು. ‘ರಾಕಿ’ ಎಂದು ಆ ಹಾಡಿನ ಹೆಸರು. ಆ ಹೊತ್ತಿಗಾಗಲೇ ಅವರು ಬೇರೆ ಹೆಸರಿನಲ್ಲಿ ತನಗೆ ಬೇಕಾದ ಸಂಗೀತವನ್ನೂ ಮಾಡಲು ಶುರುಮಾಡಿದ್ದರು.

ಅದು 1974ರ ಕೊನೆ. ಫ್ರಾಂಕ್‌ಫರ್ಟ್ ಪಕ್ಕದ ಆಫೆನ್‌ಬಾಖ್‌ನ ಒಂದು ಸ್ಟುಡಿಯೊ. ಫಾರಿಯನ್ ಕುಣಿತದ ಒಂದು ಹಾಡು ಮಾಡಿದರು. ಅದರಲ್ಲಿ ಎರಡು ಗಂಡು ದನಿಗಳಿವೆ. ಒಂದು ತೀರಾ ಮಂದ್ರದ್ದು, ಇನ್ನೊಂದು ಹೆಣ್ಣು ದನಿಯ ಹಾಗೆ ಮೇಲೆ ಹೋಗುವಂಥದ್ದು. ಎರಡೂ ಅವರದೇ. ಒಂದು ಟ್ರ್ಯಾಕ್‌ನಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು. ಹಾಡಿನ ಬುನಾದಿ ಜಮೈಕದ ಪ್ರಿನ್ಸ್ ಬಸ್ಟರ್ ಅವರ ಒಂದು ಹಳೆಯ ಹಾಡಿನಿಂದ ಬಂದದ್ದು. ತಮ್ಮ ಹೆಸರು ಹಾಕಿದರೆ ಶ್ಲಾಗರ್ ಹಾಡುವವನು ಎಂದು ಜನ ಪಕ್ಕಕ್ಕಿಡುತ್ತಾರೆ, ಅಲ್ವಾ? ಅದಕ್ಕೆ ಟಿ.ವಿ.ಯಲ್ಲಿ ಬರುತ್ತಿದ್ದ ಆಸ್ಟ್ರೇಲಿಯಾದ ಒಂದು ಪತ್ತೇದಾರಿ ಧಾರಾವಾಹಿಯ ನಾಯಕ ‘ಬೋನಿ’ಯ ಹೆಸರು ತಗೊಂಡರು. ಅದಕ್ಕೊಂದು ‘ಎಂ’ ಸೇರಿಸಿದರು. ಬೋನಿ ಎಂ. ಅಂದರೆ ಆ ದಿನ ಬೋನಿ ಎಂ ಎಂಬ ತಂಡವೇ ಇರಲಿಲ್ಲ. ಇದ್ದದ್ದು ಒಬ್ಬನೇ ಮನುಷ್ಯ.

ಹಾಡು ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಓಡಿತು. ಟಿ.ವಿ.ಯವರು ತಂಡವನ್ನು ಕಳಿಸಿ ಎಂದರು. ಕಳಿಸಲು ಯಾರಿದ್ದಾರೆ? ಫಾರಿಯನ್ ಒಂದು ಏಜೆನ್ಸಿಯ ಮೂಲಕ ಕುಣಿಯುವವರನ್ನು, ಮಾಡೆಲ್‌ಗಳನ್ನು ಹುಡುಕಿದರು. ಮೊದಲು ಬಂದವರಲ್ಲಿ ಕೆಲವರು ಬಿಟ್ಟುಹೋದರು. ಕೊನೆಗೆ ನಿಂತದ್ದು ನಾಲ್ವರು. ಕೆರಿಬಿಯನ್‌ನ ಮಾಂಟ್‌ಸೆರಾಟ್ ದ್ವೀಪದ ಮೇಜಿ ವಿಲಿಯಮ್ಸ್, ಜಮೈಕದ ಮಾರ್ಸಿಯಾ ಬ್ಯಾರೆಟ್, ಜಮೈಕದವರೇ ಆದ ಲಿಜ್ ಮಿಚೆಲ್, ಅರೂಬಾ ದ್ವೀಪದ ಬಾಬಿ ಫ್ಯಾರೆಲ್. ನಮ್ಮ ಮಾವನ ಕ್ಯಾಸೆಟ್‌ನ ನಾಲ್ಕು ಮುಖಗಳು ಇವೇ.

ಇವರಲ್ಲಿ ರೆಕಾರ್ಡ್‌ಗಳಿಗೆ ಹಾಡಿದ್ದು ಇಬ್ಬರೇ. ಲಿಜ್ ಮತ್ತು ಮಾರ್ಸಿಯಾ. ಗಂಡು ದನಿ ಫಾರಿಯನ್‌ರದು. ಮೇಜಿಯ ದನಿ ಸ್ಟುಡಿಯೊಗೆ ಒಗ್ಗುವುದಿಲ್ಲ ಎಂದು ಅವರು ತೀರ್ಮಾನಿಸಿದ್ದರು. ಬಾಬಿ ಕುಣಿಯುತ್ತಿದ್ದರು. ಕುಣಿತ ಅಂದರೆ ಸಾಮಾನ್ಯದ್ದಲ್ಲ. ನೀವು ಹಳೆಯ ವಿಡಿಯೊ ನೋಡಿ. ಮೈಯಲ್ಲಿ ಮೂಳೆಯೇ ಇಲ್ಲವೇನೋ ಅನ್ನುವ ಹಾಗೆ ಕುಣಿಯುತ್ತಾರೆ. ಆ ಮಂದ್ರ ದನಿಗೆ ಒಂದು ಮೈ ಕೊಟ್ಟವರು ಅವರು. ಅದೂ ಒಂದು ಕಲೆಯೇ. ಅದನ್ನು ನಾನು ಸಣ್ಣದು ಅನ್ನಲಾರೆ.

ಇಲ್ಲಿ ಸ್ವಲ್ಪ ನಿಂತು ಅವರ ಸ್ಟುಡಿಯೊ ಕೆಲಸದ ಬಗ್ಗೆ ಹೇಳಬೇಕು. ಯಾಕೆಂದರೆ ಫಾರಿಯನ್ ಎಂದರೆ ಬರೀ ಮೋಸದ ಕಥೆ ಎಂದು ನೀವು ತಿಳಿಯಬಾರದು. ಬೋನಿ ಎಂ ತಂಡದ ‘ಡ್ಯಾಡಿ ಕೂಲ್’ ಹಾಡನ್ನೇ ತಗೊಳ್ಳಿ. ಶುರುವಿನಲ್ಲಿ ಟಕಟಕ ಎಂದು ಒಂದು ಸಣ್ಣ ಸದ್ದು ಬರುತ್ತದೆ. ಯಾವುದೋ ತಾಳವಾದ್ಯ ಅಂದುಕೊಂಡಿರಿ, ಅಲ್ವಾ? ಅದು ಫಾರಿಯನ್ ಪೆನ್ಸಿಲ್ಲಿನಿಂದ ತಮ್ಮ ಹಲ್ಲಿನ ಮೇಲೆ ಬಡಿದ ಸದ್ದು. ಅದರ ಕೆಳಗೆ ಬೇಸ್ ಗಿಟಾರ್ ಬರುತ್ತದೆ. ಆಮೇಲೆ ಡ್ರಮ್ಮಿನ ದೊಡ್ಡ ಪೆಟ್ಟು. ಒಂದು, ಎರಡು, ಮೂರು, ನಾಲ್ಕು, ಪ್ರತಿ ಎಣಿಕೆಗೂ ಒಂದು ಪೆಟ್ಟು. ಡಿಸ್ಕೊ ಸಂಗೀತದ ಗುಟ್ಟೇ ಅದು. ಕುಣಿಯಲು ಬಾರದವರ ಕಾಲಿಗೂ ಅದು ದಾರಿ ತೋರಿಸುತ್ತದೆ. ಅದರ ಮೇಲೆ ಪಿಟೀಲುಗಳ ಗುಂಪು. ಅದರ ಮೇಲೆ ಹೆಣ್ಣು ದನಿಗಳು.

ಆ ಹೆಣ್ಣು ದನಿಗಳನ್ನು ಗಮನಿಸಿ ಕೇಳಿ. ಹತ್ತು ಹನ್ನೆರಡು ಜನ ಹಾಡಿದ ಹಾಗಿದೆ. ಇರುವುದು ಲಿಜ್ ಮತ್ತು ಮಾರ್ಸಿಯಾ. ಒಂದೇ ಸಾಲನ್ನು ಒಮ್ಮೆ ಹಾಡುವುದು. ಆ ಟೇಪ್ ಕೇಳಿಸಿಕೊಳ್ಳುತ್ತಾ ಅದರ ಮೇಲೆ ಮತ್ತೆ ಹಾಡುವುದು. ಮತ್ತೆ ಮತ್ತೆ. ಎರಡು ಸಲ ಹಾಡಿದ್ದು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಥರ ಇರುವುದಿಲ್ಲ. ಆ ಸಣ್ಣ ಸಣ್ಣ ವ್ಯತ್ಯಾಸಗಳೇ ಸೇರಿ ಒಂದು ಗುಂಪು ಹಾಡಿದಂತೆ ಕೇಳುತ್ತದೆ. ಇದನ್ನು ಮಾಡಲು ತಾಳ್ಮೆ ಬೇಕು, ಕಿವಿ ಬೇಕು. ಫಾರಿಯನ್‌ಗೆ ಎರಡೂ ಇತ್ತು. ದನಿಗಳನ್ನು ಒಂದರ ಮೇಲೊಂದು ಪೇರಿಸುವುದರಲ್ಲಿ ಆ ಕಾಲದ ಜರ್ಮನಿಯಲ್ಲಿ ಅವರಿಗೆ ಸಮ ಇದ್ದವರು ಕಡಿಮೆ ಎಂದೇ ನನ್ನ ಅಭಿಪ್ರಾಯ.

ರಾಗಗಳನ್ನು ಎಲ್ಲೆಲ್ಲಿಂದಲೋ ತರುತ್ತಿದ್ದರು. 1977ರ ‘ಮಾ ಬೇಕರ್’ ಇದೆಯಲ್ಲ, ಅದರ ಮೂಲ ಟ್ಯುನೀಷಿಯಾದ ಒಂದು ಜನಪದ ಹಾಡು. ಅವರ ಜೊತೆ ಕೆಲಸ ಮಾಡುತ್ತಿದ್ದ ಹಾನ್ಸ್ ಯೋರ್ಗ್ ಮೇಯರ್ ಅಲ್ಲಿಗೆ ರಜೆಗೆ ಹೋದಾಗ ಕೇಳಿ ತಂದದ್ದು. ಸಾಹಿತ್ಯ ಬರೆದವರು ಫ್ರೆಡ್ ಜೇ. ಅಮೆರಿಕದಲ್ಲಿ 1930ರ ದಶಕದಲ್ಲಿದ್ದ ಮಾ ಬಾರ್ಕರ್ ಎಂಬ ಹೆಂಗಸಿನ ಕಥೆ ಅದು. ಬಾಯಿಗೆ ಚೆನ್ನಾಗಿ ಕೂರುತ್ತದೆ ಎಂದು ಬಾರ್ಕರ್ ಹೋಗಿ ಬೇಕರ್ ಆಯಿತು. ಟ್ಯುನೀಷಿಯಾದ ರಾಗ, ಅಮೆರಿಕದ ಕಥೆ, ಜರ್ಮನಿಯ ಸ್ಟುಡಿಯೊ, ಜಮೈಕದ ಕಂಠ. ಎಲ್ಲ ಸೇರಿ ನಮ್ಮೂರಿನ ಶಾಲೆಯ ವಾರ್ಷಿಕೋತ್ಸವಕ್ಕೆ ಬಂತು ನೋಡಿ.

ಇನ್ನು ‘ರಿವರ್ಸ್ ಆಫ್ ಬ್ಯಾಬಿಲನ್’. ಇದು ಮೊದಲು ಜಮೈಕದ ಮೆಲೋಡಿಯನ್ಸ್ ಎಂಬ ತಂಡ 1970ರಲ್ಲಿ ಹಾಡಿದ್ದು. ಬ್ರೆಂಟ್ ಡೋವ್ ಮತ್ತು ಟ್ರೆವರ್ ಮೆಕ್‌ನಾಟನ್ ಕಟ್ಟಿದ ಹಾಡು. ಬೈಬಲಿನ 137ನೇ ಕೀರ್ತನೆಯ ಮಾತುಗಳು. ತಾಯ್ನಾಡಿನಿಂದ ಸೆರೆಯಾಗಿ ಬಂದವರು ಪರದೇಶದ ಹೊಳೆಯ ದಡದಲ್ಲಿ ಕೂತು ಅಳುವುದು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳಿಗೆ ಅದು ಬರೀ ಬೈಬಲ್ ಅಲ್ಲ, ಸ್ವಂತ ಮನೆಯ ಕಥೆ. ಜಮೈಕದ ರಾಸ್ತಫಾರಿ ಎಂಬ ಧಾರ್ಮಿಕ ಪಂಥದವರು ತಮ್ಮ ದೇವರ ಹೆಸರನ್ನು ಅದರೊಳಗೆ ಸೇರಿಸಿದ್ದರು. ಬೋನಿ ಎಂ ಹಾಡಿದಾಗ ಆ ಹೆಸರು ತೆಗೆದು ಬೈಬಲಿನ ಪದಗಳನ್ನೇ ವಾಪಸ್ ಇಟ್ಟರು. ಹಾಡು ಬರೆದವರು ಎಂಬಲ್ಲಿ ಡೋವ್ ಮತ್ತು ಮೆಕ್‌ನಾಟನ್ ಜೊತೆಗೆ ಫಾರಿಯನ್ ಮತ್ತು ಮೇಯರ್ ಹೆಸರೂ ಸೇರಿತು.

1978ರಲ್ಲಿ ಅದು ಬಂದಾಗ ಬ್ರಿಟನ್‌ನಲ್ಲಿ ಐದು ವಾರ ಒಂದನೇ ಸ್ಥಾನದಲ್ಲಿತ್ತು. ಆಮೇಲೆ ಕೆಳಗಿಳಿಯಿತು. ಅಷ್ಟರಲ್ಲಿ ರೇಡಿಯೊದವರು ಅದೇ ರೆಕಾರ್ಡಿನ ಇನ್ನೊಂದು ಮುಖ ತಿರುವಿ ಹಾಕಿದರು. ಅಲ್ಲಿದ್ದದ್ದು ‘ಬ್ರೌನ್ ಗರ್ಲ್ ಇನ್ ದ ರಿಂಗ್’, ಕೆರಿಬಿಯನ್ ಮಕ್ಕಳು ಸುತ್ತ ನಿಂತು ಆಡುವ ಆಟದ ಹಾಡು. ಅದೇ ರೆಕಾರ್ಡ್ ಮತ್ತೆ ಮೇಲೆ ಹತ್ತಿ ಎರಡನೇ ಸ್ಥಾನಕ್ಕೆ ಬಂತು. ಬ್ರಿಟನ್‌ನಲ್ಲೇ ಸುಮಾರು 20 ಲಕ್ಷ ಪ್ರತಿ ಮಾರಾಟವಾಯಿತು. ಅದೇ ವರ್ಷದ ಕ್ರಿಸ್‌ಮಸ್‌ಗೆ ‘ಮೇರೀಸ್ ಬಾಯ್ ಚೈಲ್ಡ್’ ಕೂಡ ಅಲ್ಲಿ ಒಂದನೇ ಸ್ಥಾನದಲ್ಲಿತ್ತು. ಮಾಲ್‌ನಲ್ಲಿ ಕೇಳಿದ್ದೀರಿ ಎಂದೆನಲ್ಲ, ಅದೇ ಹಾಡು.

ಆ ಡಿಸೆಂಬರ್‌ನಲ್ಲೇ ತಂಡ ಮಾಸ್ಕೊಗೆ ಹೋಯಿತು. ಶೀತಲ ಸಮರದ ಕಾಲ. ಪಶ್ಚಿಮದ ಪಾಪ್ ತಂಡ ಸೋವಿಯತ್ ರಾಜಧಾನಿಯಲ್ಲಿ ಹಾಡುವುದು ದೊಡ್ಡ ಸುದ್ದಿ. ಹತ್ತು ಕಾರ್ಯಕ್ರಮ ಆಯಿತು. ರಷ್ಯಾದ ಕೊನೆಯ ರಾಜಮನೆತನಕ್ಕೆ ಹತ್ತಿರವಾಗಿದ್ದ ಒಬ್ಬ ಸಾಧುವಿನ ಮೇಲಿನ ‘ರಸ್ಪುಟಿನ್’ ಹಾಡು ಮಾತ್ರ ಹಾಡಕೂಡದು ಎಂದು ಅಲ್ಲಿನವರು ಹೇಳಿದ್ದರು. ಆ ಹಾಡಿನಲ್ಲಿ ಗಡ್ಡ ಇಟ್ಟುಕೊಂಡು ರಸ್ಪುಟಿನ್ ಆಗಿ ಕುಣಿಯುತ್ತಿದ್ದವರು ಬಾಬಿ ಫ್ಯಾರೆಲ್. ಅವರು ತೀರಿಕೊಂಡದ್ದು 2010ರ ಡಿಸೆಂಬರ್ 30ರಂದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ನಿಜವಾದ ರಸ್ಪುಟಿನ್ ಕೊಲೆಯಾದದ್ದೂ ಅದೇ ಊರಿನಲ್ಲಿ, 1916ರ ಡಿಸೆಂಬರ್ 30ರಂದು. ಇದನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟಿದ್ದೆ.

ನಿಮ್ಮಲ್ಲಿ ಕೆಲವರ ಮುಖದಲ್ಲಿ ಒಂದು ಪ್ರಶ್ನೆ ಕಾಣುತ್ತಿದೆ. ಒಬ್ಬರು ಹಾಡುವುದು, ಇನ್ನೊಬ್ಬರು ಬಾಯಿ ಆಡಿಸುವುದು, ಇದರಲ್ಲಿ ಏನು ವಿಶೇಷ? ನಮ್ಮಲ್ಲಿ ಎಷ್ಟು ವರ್ಷಗಳಿಂದ ನಡೆದಿಲ್ಲ? ನಿಜ. ರಾಜ್‌ಕುಮಾರ್ ಅವರ ತುಟಿಗೆ ಪಿ.ಬಿ. ಶ್ರೀನಿವಾಸ್ ಅವರ ದನಿ ಎಷ್ಟು ಹೊಂದಿಕೊಂಡಿತ್ತು ಅಂದರೆ ಎರಡು ಬೇರೆ ಎಂದು ಯೋಚಿಸುವುದೇ ಕಷ್ಟ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜ್‌ಕುಮಾರ್ ಎಮ್ಮೆಯ ಮೇಲೆ ಕೂತು ತಾವೇ ಹಾಡಿದ ಮೇಲೆ ಆ ಕಥೆ ಬೇರೆ ದಾರಿ ಹಿಡಿಯಿತು. ಶರೀರ ಒಬ್ಬರದು, ಶಾರೀರ ಇನ್ನೊಬ್ಬರದು ಎಂಬುದು ನಮಗೆ ಮೋಸ ಅನ್ನಿಸಿಲ್ಲ.

ಆದರೆ ಒಂದು ವಿಷಯ ನೆನಪು ಮಾಡಿಕೊಳ್ಳಿ. ಆಕಾಶವಾಣಿಯಲ್ಲಿ ಚಿತ್ರಗೀತೆ ಹಾಕುವಾಗ ಏನು ಹೇಳುತ್ತಿದ್ದರು? ಚಿತ್ರದ ಹೆಸರು. ಸಾಹಿತ್ಯ ಇಂಥವರದು. ಸಂಗೀತ ಇಂಥವರದು. ಹಾಡಿದವರು ಇಂಥವರು. ತೆರೆಯ ಮೇಲೆ ಯಾರು ಬಾಯಿ ಆಡಿಸಿದರು ಎಂದು ಹೇಳುತ್ತಲೇ ಇರಲಿಲ್ಲ! ಹಾಡಿದವರ ಹೆಸರು ಮಾತ್ರ ತಪ್ಪುತ್ತಿರಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಕೇಳುತ್ತಿದ್ದ ನಮ್ಮ ಅಮ್ಮನಿಗೂ ಎಸ್. ಜಾನಕಿ ಯಾರು, ಪಿ. ಸುಶೀಲಾ ಯಾರು ಎಂದು ಗೊತ್ತಿತ್ತು. ಈಗ ಹೇಳಲು ಹೊರಟಿರುವ ಭಾಗಕ್ಕೆ ಇದನ್ನು ಪಕ್ಕದಲ್ಲಿಟ್ಟುಕೊಳ್ಳಿ.

80ರ ದಶಕದ ಮಧ್ಯದಲ್ಲಿ ಬೋನಿ ಎಂ ಮುಗಿಯಿತು. ಫಾರಿಯನ್ ಹೊಸದೇನಾದರೂ ಮಾಡಲು ನೋಡುತ್ತಿದ್ದರು. ಅಮೆರಿಕದ ಬಾಲ್ಟಿಮೋರ್‌ನ ನ್ಯೂಮಾರ್ಕ್ಸ್ ಎಂಬ ಸಣ್ಣ ತಂಡದ ಒಂದು ಹಾಡು ಅವರ ಕಿವಿಗೆ ಬಿತ್ತು. ‘ಗರ್ಲ್ ಯೂ ನೋ ಇಟ್ಸ್ ಟ್ರೂ’. ಅದನ್ನು ತಮ್ಮ ರೀತಿಯಲ್ಲಿ ಕಟ್ಟಿದರು. ಹಾಡಲು ಜರ್ಮನಿಯಲ್ಲೇ ಇದ್ದ ಅಮೆರಿಕನ್ನರನ್ನು ಕರೆದರು. ಚಾರ್ಲ್ಸ್ ಶಾ, ಬ್ರಾಡ್ ಹಾವೆಲ್. ಆಮೇಲೆ ಜಾನ್ ಡೇವಿಸ್. ಶಾ ಮತ್ತು ಡೇವಿಸ್ ಹಿಂದೆ ಅಮೆರಿಕದ ಸೈನ್ಯದಲ್ಲಿದ್ದವರು. ಜೊತೆಗೆ ಜೋಡಿ ರಾಕೊ, ಲಿಂಡಾ ರಾಕೊ ಎಂಬ ಅವಳಿ ಅಕ್ಕತಂಗಿಯರು. ಒಳ್ಳೊಳ್ಳೆ ಕಂಠಗಳು. ಆದರೆ ಅದು ಎಂ.ಟಿ.ವಿ. ಕಾಲ. ಪೋಸ್ಟರ್‌ಗೆ ಇವರು ಆಗುವುದಿಲ್ಲ ಎಂದು ಫಾರಿಯನ್‌ಗೆ ಅನ್ನಿಸಿತು. ಹಾವೆಲ್ ಆಗಲೇ ನಡುವಯಸ್ಸಿನವರು.

ಮ್ಯೂನಿಕ್‌ನಲ್ಲಿ ಇಬ್ಬರು ಹುಡುಗರಿದ್ದರು. ರಾಬ್ ಪಿಲಾಟಸ್, ಫ್ಯಾಬ್ ಮೋರ್ವಾನ್. ರಾಬ್ ಚಿಕ್ಕಂದಿನಲ್ಲಿ ಅನಾಥಾಲಯದಲ್ಲಿದ್ದು ನಂತರ ಒಂದು ಜರ್ಮನ್ ಕುಟುಂಬಕ್ಕೆ ದತ್ತುಹೋದವರು. ಫ್ಯಾಬ್ ಪ್ಯಾರಿಸ್‌ನಿಂದ ಬಂದವರು. ಕುಣಿಯುತ್ತಿದ್ದರು, ಹಾಡುವ ಕನಸಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. 1988ರ ಜನವರಿ 1ರಂದು ಫಾರಿಯನ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ತಾವೇ ಹಾಡುತ್ತೇವೆ ಅಂದುಕೊಂಡಿದ್ದರು. ಮುಂಗಡದ ಹಣ ಖರ್ಚಾಯಿತು. ಆಮೇಲೆ ತಿಳಿಯಿತು, ಹಾಡು ಆಗಲೇ ಸಿದ್ಧವಾಗಿದೆ, ಇವರು ಬಾಯಿ ಆಡಿಸಬೇಕು. ಬೇಡ ಅಂದರೆ ಹಣ ವಾಪಸ್ ಕೊಡಬೇಕು. ಒಪ್ಪಿದರು. ತಂಡದ ಹೆಸರು ಮಿಲ್ಲಿ ವನಿಲ್ಲಿ.

ಮುಂದೆ ಆದದ್ದನ್ನು ಯಾರೂ ಊಹಿಸಿರಲಿಲ್ಲ, ಫಾರಿಯನ್ ಕೂಡ. ಅಮೆರಿಕದಲ್ಲಿ ಆಲ್ಬಮ್ 60 ಲಕ್ಷ ದಾಟಿತು. ಮೂರು ಹಾಡುಗಳು ಅಲ್ಲಿ ಒಂದನೇ ಸ್ಥಾನಕ್ಕೆ ಬಂದವು. ಕವರ್ ಮೇಲೆ ರಾಬ್ ಮತ್ತು ಫ್ಯಾಬ್ ಮುಖ. ಹಾಡಿದವರು ಬೇರೆ ಎಂದು ಕೊಂಡವರಿಗೆ ಗೊತ್ತಿಲ್ಲ. 1989ರ ಜುಲೈನಲ್ಲಿ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್‌ನಲ್ಲಿ ಒಂದು ಕಾರ್ಯಕ್ರಮ. ಹಾಡಿನ ಮಧ್ಯೆ ಮೊದಲೇ ಮುದ್ರಿಸಿದ ಧ್ವನಿ ಸಿಕ್ಕಿಹಾಕಿಕೊಂಡಿತು. ಪಲ್ಲವಿಯ ಅರ್ಧ ಸಾಲೇ ಮತ್ತೆ ಮತ್ತೆ ಬರತೊಡಗಿತು. ರಾಬ್ ವೇದಿಕೆ ಬಿಟ್ಟು ಓಡಿದರು. ಜನ ಅದನ್ನು ಅಷ್ಟು ತಲೆಗೆ ಹಚ್ಚಿಕೊಳ್ಳಲಿಲ್ಲ ಎಂಬುದೇ ಆಶ್ಚರ್ಯ. ಆ ವರ್ಷದ ಕೊನೆಗೆ ಚಾರ್ಲ್ಸ್ ಶಾ ಒಬ್ಬ ಪತ್ರಕರ್ತರ ಮುಂದೆ ಬಾಯಿಬಿಟ್ಟರು. ಆಮೇಲೆ ಹೇಳಿದ್ದನ್ನು ವಾಪಸ್ ತಗೊಂಡರು. 1990ರ ಫೆಬ್ರವರಿಯಲ್ಲಿ ಹೊಸ ಕಲಾವಿದರಿಗೆ ಕೊಡುವ ಗ್ರ್ಯಾಮಿ ಪ್ರಶಸ್ತಿ ರಾಬ್ ಮತ್ತು ಫ್ಯಾಬ್ ಕೈಗೆ ಬಂತು.

ಇಬ್ಬರಿಗೂ ಈ ಹೊರೆ ಸಾಕಾಗಿತ್ತು. ಮುಂದಿನ ಆಲ್ಬಮ್‌ನಲ್ಲಿ ನಾವೇ ಹಾಡುತ್ತೇವೆ ಎಂದು ಪಟ್ಟುಹಿಡಿದರು. ಫಾರಿಯನ್ ಒಪ್ಪಲಿಲ್ಲ. 1990ರ ನವೆಂಬರ್‌ನಲ್ಲಿ ಅವರೇ ಪತ್ರಕರ್ತರ ಮುಂದೆ ಹೇಳಿಬಿಟ್ಟರು, ಈ ಇಬ್ಬರೂ ಒಂದು ಸಾಲೂ ಹಾಡಿಲ್ಲ ಎಂದು. ಕೆಲವೇ ದಿನದಲ್ಲಿ ಗ್ರ್ಯಾಮಿ ವಾಪಸ್ ಹೋಯಿತು. ರಾಬ್ ಮತ್ತು ಫ್ಯಾಬ್ ಲಾಸ್ ಏಂಜಲೀಸ್‌ನಲ್ಲಿ ಪತ್ರಿಕಾಗೋಷ್ಠಿ ಕರೆದರು. ನೂರಕ್ಕೂ ಹೆಚ್ಚು ಪತ್ರಕರ್ತರು. ಹಾಗಾದರೆ ಈಗ ಹಾಡಿ ಎಂದರು. ಇಬ್ಬರೂ ಅಲ್ಲೇ ನಿಂತು ಹಾಡಿದರು. ಸಿ.ಡಿ. ಕೊಂಡವರು ಕೋರ್ಟಿಗೆ ಹೋದರು. ಕೊನೆಗೆ ಕೊಂಡವರಿಗೆ ಒಂದಷ್ಟು ಹಣ ವಾಪಸ್ ಕೊಡಬೇಕು ಎಂದು ಇತ್ಯರ್ಥವಾಯಿತು.

ನನ್ನ ತಕರಾರು ಇರುವುದು ಇಲ್ಲಿ. ಇಡೀ ಜಗತ್ತು ನಕ್ಕದ್ದು ಆ ಇಬ್ಬರು ಹುಡುಗರನ್ನು ನೋಡಿ. ಹಾಸ್ಯ ಕಾರ್ಯಕ್ರಮ, ವ್ಯಂಗ್ಯಚಿತ್ರ, ಎಲ್ಲ ಕಡೆ ಅವರೇ. ಒಪ್ಪಂದ ಬರೆದವರು ಅವರಲ್ಲ, ಆಲ್ಬಮ್ ಮಾರಿದವರೂ ಅವರಲ್ಲ. ಫಾರಿಯನ್‌ರ ಸ್ಟುಡಿಯೊ ಒಂದು ದಿನವೂ ಮುಚ್ಚಲಿಲ್ಲ. ನಿಜವಾಗಿ ಹಾಡಿದವರ ಹೆಸರಿನಲ್ಲಿ ಅವರು 1991ರಲ್ಲಿ ಒಂದು ಆಲ್ಬಮ್ ತಂದರು. ಅದು ಹೆಚ್ಚು ಓಡಲಿಲ್ಲ. ನಂತರದ ವರ್ಷಗಳಲ್ಲಿ ರಾಬ್ ಮಾದಕವಸ್ತುಗಳ ಕೈಗೆ ಸಿಕ್ಕರು. ಅವರನ್ನು ಎತ್ತಲು ಫಾರಿಯನ್ ಪ್ರಯತ್ನಿಸಿದರು ಎಂಬುದನ್ನೂ ಹೇಳಬೇಕು. ಇಬ್ಬರೂ ಸ್ವಂತ ದನಿಯಲ್ಲಿ ಹಾಡಿದ ಆಲ್ಬಮ್ ಒಂದನ್ನು ಅವರೇ ಮಾಡಿಸಿದರು. ಅದು ಹೊರಬರುವ ಮೊದಲೇ, 1998ರ ಏಪ್ರಿಲ್‌ನಲ್ಲಿ, ರಾಬ್ ಫ್ರಾಂಕ್‌ಫರ್ಟ್ ಹತ್ತಿರದ ಹೋಟೆಲ್ ಕೋಣೆಯಲ್ಲಿ ಶವವಾಗಿ ಸಿಕ್ಕರು. ವಯಸ್ಸು ಇನ್ನೂ ಮೂವತ್ತರ ಆಸುಪಾಸು.

90ರ ದಶಕದ ಫಾರಿಯನ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಲಾ ಬೂಷ್, ನೋ ಮರ್ಸಿ, ಈ ತಂಡಗಳು ಅವರವೇ. ಲಾ ಬೂಷ್‌ನ ಮೆಲನಿ ಥಾರ್ನ್‌ಟನ್ ಎಂಥ ಗಾಯಕಿ! ಮುಖವೂ ಅವರದೇ, ಕಂಠವೂ ಅವರದೇ. 2001ರ ನವೆಂಬರ್‌ನಲ್ಲಿ ಜ್ಯೂರಿಕ್ ಹತ್ತಿರ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಫಾರಿಯನ್ ಕೊನೆಯ ವರ್ಷಗಳನ್ನು ಅಮೆರಿಕದ ಮಯಾಮಿಯಲ್ಲಿ ಕಳೆದರು. 2024ರ ಜನವರಿ 23ರಂದು ಅಲ್ಲೇ ತೀರಿಕೊಂಡಾಗ ಅವರಿಗೆ 82 ವರ್ಷ.

ಇದನ್ನೆಲ್ಲ ತಯಾರಿ ಮಾಡಿಕೊಳ್ಳುವಾಗ ಫಾರಿಯನ್ ಮೇಲೆ ನನಗೆ ಸಿಟ್ಟೂ ಬರುತ್ತಿತ್ತು, ಅವರ ಹಾಡು ಹಾಕಿದರೆ ಕಾಲೂ ಕುಣಿಯುತ್ತಿತ್ತು. ಕಪ್ಪು ಜನರ ಸಂಗೀತವನ್ನು ಅಷ್ಟು ಪ್ರೀತಿಸಿದ ಮನುಷ್ಯ, ಅದನ್ನು ಹಾಡಿದ ಕಪ್ಪು ಜನರ ಹೆಸರನ್ನೇ ಮರೆಯಲ್ಲಿಟ್ಟರಲ್ಲ ಎಂಬುದು ನನಗೆ ಈಗಲೂ ನುಂಗಲಾಗದ ವಿಷಯ. ತನ್ನ ಮುಖಕ್ಕೆ ಆ ಸಂಗೀತ ಹೊಂದುವುದಿಲ್ಲ ಎಂದು ಬೇರೆಯವರು ಹೇಳಿದಾಗ ಅವರಿಗೆ ನೋವಾಗಿರಬೇಕು. ಅದೇ ಮಾತನ್ನು ಅವರು ಬ್ರಾಡ್ ಹಾವೆಲ್‌ಗೆ, ಜಾನ್ ಡೇವಿಸ್‌ಗೆ ಹೇಳಿದರು.

ಜಾನ್ ಡೇವಿಸ್ ಜರ್ಮನಿಯಲ್ಲೇ ಉಳಿದರು. ಎಷ್ಟೋ ವರ್ಷಗಳ ನಂತರ ಅವರೂ ಫ್ಯಾಬ್ ಮೋರ್ವಾನ್ ಅವರೂ ಸ್ನೇಹಿತರಾದರು. ಇಬ್ಬರೂ ಸೇರಿ ಒಂದೇ ವೇದಿಕೆಯಲ್ಲಿ ಹಾಡಿದರು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ‘ಮುಖ ದನಿಯನ್ನು ಭೇಟಿಯಾಯಿತು’ ಎಂದು. 2021ರ ಮೇ ತಿಂಗಳಲ್ಲಿ ಡೇವಿಸ್ ಕೋವಿಡ್‌ನಿಂದ ತೀರಿಕೊಂಡರು.

ಈಗ ಒಂದು ಹಾಡು ಹಾಕುತ್ತೇನೆ. ಅದಕ್ಕೆ ಮೊದಲು ನಮ್ಮ ಆಕಾಶವಾಣಿಯವರು ಹೇಳುವ ಹಾಗೆ ಹೇಳಿಬಿಡುತ್ತೇನೆ. ಹಾಡು, ‘ಗರ್ಲ್ ಯೂ ನೋ ಇಟ್ಸ್ ಟ್ರೂ’. ಮೊದಲು ಹಾಡಿದ ತಂಡ, ಬಾಲ್ಟಿಮೋರ್‌ನ ನ್ಯೂಮಾರ್ಕ್ಸ್. ಈ ರೂಪದ ನಿರ್ಮಾಣ, ಫ್ರಾಂಕ್ ಫಾರಿಯನ್. ಹಾಡಿದವರು, ಬ್ರಾಡ್ ಹಾವೆಲ್, ಚಾರ್ಲ್ಸ್ ಶಾ ಮತ್ತು ಸಂಗಡಿಗರು.